ನಾಲ್ಕನೆಯ ಇನ್ನಿಂಗ್ಸಿನ ಮಳೆ

ಅಂಕಲ್ ಏಳು ಸೀಸನ್‌ಗಳಲ್ಲಿ ಮುನ್ನೂರ ಅರವತ್ತು ಹಿಟ್ ಹೊಡೆದರು. ಆ ಸಂಖ್ಯೆಯ ಬಗ್ಗೆ ನನಗೆ ಎಂದೂ ಅನುಮಾನ ಬಂದಿಲ್ಲ. ನಾನು ತಪ್ಪಿದ್ದು ಅದನ್ನು ಯಾವುದರಿಂದ ಭಾಗಿಸಬೇಕು ಎಂಬಲ್ಲಿ.

ನಾವು ಹುಬ್ಬಳ್ಳಿಯಿಂದ ಸಿಡ್ನಿಗೆ ಬಂದದ್ದು 2002ರಲ್ಲಿ. ಕ್ವೇಕರ್ಸ್ ಹಿಲ್‌ನ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಮೈದಾನವಿತ್ತು. ಬೇಸಿಗೆಯ ಶನಿವಾರಗಳಲ್ಲಿ ಅಲ್ಲಿಂದ ಟಕ್ ಎಂಬ ಸದ್ದು ಕೇಳಿಸುತ್ತಿತ್ತು. ಅಪ್ಪ ಹುಬ್ಬಳ್ಳಿಯಲ್ಲಿದ್ದಾಗ ಹದಿನೆಂಟು ವರ್ಷ ಭಾನುವಾರ ತಪ್ಪದೆ ಕ್ರಿಕೆಟ್ ಪಂದ್ಯಗಳ ಸ್ಕೋರ್ ಬರೆದವರು. ನನಗೆ ಅಂಕಿ ಬರೆಯಲು ಕಲಿಸಿದ್ದೂ ಸ್ಕೋರ್ ಪುಸ್ತಕದ ಚೌಕಗಳಲ್ಲೇ. ಹಾಗಾಗಿ 2003ರ ನವೆಂಬರ್‌ನ ಒಂದು ಶನಿವಾರ ಇಬ್ಬರೂ ನೋಡಲು ಹೋದೆವು. ಆಗ ನನಗೆ ಹದಿನೆಂಟು.

ಆಡುತ್ತಿದ್ದದ್ದು ಬೇಸ್‌ಬಾಲ್. ಅಪ್ಪ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿದರು.

“ಇದು ನಮ್ಮ ಲಗೋರಿಗೂ ಕ್ರಿಕೆಟ್ಟಿಗೂ ಹುಟ್ಟಿದ ಕೂಸಿದ್ದಂಗೈತಿ,” ಅಂದರು.

ಬೆಂಚಿನ ತುದಿಯಲ್ಲಿ ನರೆತ ಗಡ್ಡದ, ಅಗಲ ಹೆಗಲಿನ ಒಬ್ಬರು ಕೂತಿದ್ದರು. ಬಾಯಲ್ಲಿ ಸೂರ್ಯಕಾಂತಿ ಬೀಜ ಹಾಕಿಕೊಂಡು, ತಿರುಳು ತಿಂದು ಸಿಪ್ಪೆಯನ್ನು ಕಾಲ ಬಳಿ ಉಗುಳುತ್ತಿದ್ದರು. ಅಪ್ಪ ನನ್ನ ಕಿವಿಯಲ್ಲಿ, “ನಾವು ಇದರಾಗ ಎಣ್ಣಿ ತಗೀತೀವಿ. ಇವರು ಉಗುಳತಾರ ನೋಡು,” ಅಂದರು. ಅವರು ಇತ್ತ ತಿರುಗಿ ನಕ್ಕರು. ಅರ್ಥವಾಗಿ ಅಲ್ಲ, ಅಪ್ಪನ ಮುಖ ನೋಡಿ. ನನ್ನ ಕೈಯಲ್ಲಿದ್ದ ಪುಟ್ಟ ನೋಟ್‌ಬುಕ್ ಕಂಡು ಏನು ಬರೆಯುತ್ತಿದ್ದೀಯ ಎಂದು ಕೇಳಿದರು. ತೋರಿಸಿದೆ. ಎಸೆತಗಳನ್ನು ಎಣಿಸಿದ್ದೆ: ಒಂದು ಕಡೆಯ ಪಿಚರ್ ಎಪ್ಪತ್ತೊಂದು, ಇನ್ನೊಂದು ಕಡೆಯವನು ಎಂಬತ್ನಾಲ್ಕು.

“ಮೇಟ್,” ಅಂದರು, “ನಮ್ಮ ಕ್ಲಬ್ಬಿಗೆ ಮೂರು ವಾರದಿಂದ ಸ್ಕೋರರ್ ಇಲ್ಲ. ಸಂಬಳ ಅಂದರೆ ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜ್ ಅಷ್ಟೇ.”

“ನಾವು ಸಸ್ಯಾಹಾರಿಗಳು, ಅಂಕಲ್.”

“ಹಾಗಾದರೆ ಬರೀ ಬ್ರೆಡ್ಡು ಮತ್ತು ಈರುಳ್ಳಿ.”

ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ. ನಾನು ಅಂಕಲ್ ಅಂದದ್ದಕ್ಕೆ ಮೊದಲ ದಿನ ಎಲ್ಲರೂ ನಕ್ಕರು. ಎರಡು ತಿಂಗಳೊಳಗೆ ಇಡೀ ತಂಡ ಅವರನ್ನು ಅಂಕಲ್ ಎಂದೇ ಕರೆಯತೊಡಗಿತು.

ಅವರು ಮೆಲ್ಬರ್ನ್‌ನವರು. ಸಿಡ್ನಿಯಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದರು, ಸಂಜೆ ಹುಡುಗರಿಗೆ ಹೊಡೆಯುವುದನ್ನು ಕಲಿಸುತ್ತಿದ್ದರು. ಈ ದೇಶದಲ್ಲಿ ಬೇಸ್‌ಬಾಲ್ ಆಡಿದವರಿಗೆ ಮೊದಲ ಸಲ ಸಂಬಳ ಕೊಟ್ಟ ಲೀಗ್ ಒಂದಿತ್ತು. ಎಂಬತ್ತರ ದಶಕದ ಕೊನೆಗೆ ಹುಟ್ಟಿ ಹತ್ತೇ ವರ್ಷಕ್ಕೆ ಮುಚ್ಚಿಹೋಯಿತು. ಅಂಕಲ್ ಅದರಲ್ಲಿ ಏಳು ಸೀಸನ್ ಆಡಿದ್ದರು. ಅದಕ್ಕೂ ಮೊದಲು, ಇಪ್ಪತ್ತರ ವಯಸ್ಸಿನಲ್ಲಿ, ಒಂದು ವಸಂತಕಾಲ ಅಮೆರಿಕದಲ್ಲಿ ಪರೀಕ್ಷೆಗೆ ನಿಂತು, ಸಾಲದು ಎನಿಸಿಕೊಂಡು ವಾಪಸ್ ಬಂದಿದ್ದರು. ಹಳೆಯ ಆಟಗಾರರು ಮೈದಾನಕ್ಕೆ ಬಂದರೆ ಅವರ ಕೈ ಹಿಡಿದು ಹೇಳುತ್ತಿದ್ದ ಮಾತು ಒಂದೇ: ಚೆಂಡು ಈ ಮನುಷ್ಯನ ಬ್ಯಾಟಿಗೆ ತಾಗಿದಾಗ ಬರುತ್ತಿದ್ದ ಸದ್ದೇ ಬೇರೆ.

ಅವರು ಬಡಾಯಿ ಕೊಚ್ಚುವವರಲ್ಲ. ಆದರೆ ಒಂದು ವಾಕ್ಯ ಮಾತ್ರ ಆಗಾಗ ಹೇಳುತ್ತಿದ್ದರು: “ನಾನು ಮುನ್ನೂರರವನು.”

ಅದೇನೆಂದು ಅಪ್ಪನಿಗೆ ನಾನು ವಿವರಿಸಬೇಕಾಯಿತು. ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಒಂದು ಹಿಟ್. ಆ ಹಿಟ್‌ಗಳನ್ನು ಬ್ಯಾಟ್ ಹಿಡಿದು ಆಡಿದ ಸರದಿಗಳಿಂದ ಭಾಗಿಸಬೇಕು. ದಶಾಂಶ ಬಿಂದುವಿನ ಮುಂದಿನ ಮೂರು ಅಂಕಿಗಳೇ ಬ್ಯಾಟಿಂಗ್ ಸರಾಸರಿ. ಹತ್ತು ಸರದಿಗೆ ಮೂರು ಹಿಟ್ ಆದರೆ ಮುನ್ನೂರು. ಇಡೀ ಜೀವಮಾನದ ಆಟದಲ್ಲಿ ಆ ಗೆರೆ ದಾಟಿದವರು ಬಹಳ ಕಡಿಮೆ.

“ಹತ್ತರಾಗ ಏಳು ಸಲ ಔಟ್ ಆಗಾಂವ ದೊಡ್ಡ ಬ್ಯಾಟ್ಸ್‌ಮನ್ನಾ?” ಅಪ್ಪ ಕೇಳಿದರು. “ನಮ್ಮ ಕಡೆ ಇಂಥವನಿಗೆ ನೀರು ಕೊಡಾಕ ಕಳಸ್ತಿದ್ರು.”

ಅಂಕಲ್‌ಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬೆಂಚು ಬಡಿದು ನಕ್ಕರು. “ನಿನ್ನಪ್ಪನಿಗೆ ಹೇಳು, ಈ ಆಟದಲ್ಲಿ ಸೋಲುವುದನ್ನು ಚೆನ್ನಾಗಿ ಕಲಿತವನೇ ದೊಡ್ಡವನು.”

ಆದರೆ ಕ್ಲಬ್ಬಿನವರಿಗೆ ಆ ಮುನ್ನೂರು ಒಂದು ತಮಾಷೆಯಾಗಿತ್ತು. “ಒಂದು ಬಿಯರ್ ಆದರೆ ಮುನ್ನೂರು, ಎರಡಾದರೆ ಮುನ್ನೂರಿಪ್ಪತ್ತು,” ಅನ್ನುತ್ತಿದ್ದರು. ತೋರಿಸಲು ಅವರ ಬಳಿ ಕಾಗದವಿರಲಿಲ್ಲ. ಲೀಗ್ ಮುಚ್ಚಿದಾಗ ದಾಖಲೆಗಳು ಚದುರಿಹೋಗಿದ್ದವು. ಕಚೇರಿ ಖಾಲಿ ಮಾಡುವ ದಿನ ಹೊರಗಿನ ಕಸದ ತೊಟ್ಟಿಯಿಂದ ತಮ್ಮ ತಂಡದ ಸ್ಕೋರ್ ಹಾಳೆಗಳನ್ನಷ್ಟು ಆರಿಸಿ, ಬಾಳೆಹಣ್ಣಿನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ತಂದಿದ್ದರು. ಆಮೇಲೆ ಅದನ್ನು ತೆರೆದೇ ಇರಲಿಲ್ಲ. “ಹೊಡೆಯುವುದು ನನ್ನ ಕೆಲಸ. ಎಣಿಸುವುದು ಬೇರೆಯವರದು,” ಅನ್ನುತ್ತಿದ್ದರು.

2006ರಲ್ಲಿ ಕ್ಲಬ್‌ಹೌಸಿನ ಗೋಡೆಗೆ ಒಂದು ಮರದ ಫಲಕ ಹಾಕುವುದೆಂದಾಯಿತು. ಅದರಲ್ಲಿ ಅಂಕಲ್ ಹೆಸರು, ಹೆಸರಿನ ಮುಂದೆ ಸರಾಸರಿ. ಬಾಯಿಮಾತಿನ ಸಂಖ್ಯೆಯನ್ನು ಬರೆಯಬಾರದು, ಲೆಕ್ಕ ಹಾಕಿ ಬರೆಯೋಣ ಎಂದವಳು ನಾನೇ. ಆ ದಿನದ ದಿನಚರಿ ಇನ್ನೂ ಇದೆ. ಪುಟದ ಕೆಳಗೆ ಗೆರೆ ಎಳೆದು ಎಂದಿನಂತೆ ಎಣಿಕೆ ಬರೆದಿದ್ದೇನೆ: “ಪೆಟ್ಟಿಗೆ 1. ಹಾಳೆಗಳು 318. ಅಂಕಲ್ ಥ್ಯಾಂಕ್ಸ್ ಹೇಳಿದ್ದು 3 ಸಲ.”

ಹನ್ನೊಂದು ವಾರಾಂತ್ಯ ಊಟದ ಮೇಜಿನ ಮೇಲೆ ಆ ಹಾಳೆಗಳು ಹರಡಿಕೊಂಡಿದ್ದವು. ಅಮ್ಮ ರೊಟ್ಟಿ ತಟ್ಟಲು ಜಾಗವಿಲ್ಲವೆಂದು ಗೊಣಗುತ್ತಿದ್ದಳು. ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್ ಸರದಿಯ ಲೆಕ್ಕಕ್ಕಿಲ್ಲ, ಜೊತೆಯವನನ್ನು ಮುಂದೆ ಕಳಿಸಲು ತಾನು ಔಟಾದರೆ ಅದೂ ಲೆಕ್ಕಕ್ಕಿಲ್ಲ. ಇವನ್ನೆಲ್ಲ ಅಂಕಲ್ ನನಗೆ ಕಲಿಸಿದ್ದರು, ನಾನು ತಪ್ಪಿಲ್ಲದೆ ಬಿಟ್ಟೆ. ಮೂರನೆಯ ಸೀಸನ್ನಿನ ಒಂದು ಹಾಳೆಯ ಬಳಿ ಮಾತ್ರ ಕೈ ನಿಂತಿತು. ಮೆಲ್ಬರ್ನ್‌ನಲ್ಲಿ ಆಡಿದ ಪಂದ್ಯ, ಒಂಬತ್ತು ಇನ್ನಿಂಗ್ಸ್ ಆಗಬೇಕಿದ್ದದ್ದು ನಾಲ್ಕನೆಯದಕ್ಕೇ ನಿಂತುಹೋಗಿತ್ತು. ಅಂಚಿನಲ್ಲಿ ‘ಮಳೆ’ ಎಂದು ಬರೆದಿತ್ತು. ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಅಡ್ಡಲಾಗಿ ಒಂದು ಗೆರೆ. ಆ ದಿನ ಅಂಕಲ್ ತಂಡದ ಎಲ್ಲರೂ ಬಾರಿಸಿದ್ದರು. ಅಂಕಲ್ ಒಬ್ಬರೇ ಮೂರು ಸರದಿಯಲ್ಲಿ ಮೂರೂ ಸಲ ಔಟ್.

ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಅಪ್ಪನನ್ನು ಕೇಳಿದೆ. ಅಂಕಲ್ ಮನೆ ಎರಡು ಬೀದಿಯಾಚೆ ಇತ್ತು. ಅಪ್ಪ ಹತ್ತು ಹೆಜ್ಜೆಯಾಚೆ ಇದ್ದರು.

“ಅಪ್ಪಾ, ಮಳೆ ಬಂದು ನಿಂತ ಮ್ಯಾಚಿಂದು ಸೇರಿಸಬೇಕಾ?”

“ಯಾಕ ಸೇರಸಬಾರದ?” ಅಪ್ಪ ಕನ್ನಡಕದ ಮೇಲಿಂದ ನೋಡಿದರು. “ಮಳಿ ಬಂದ್ರ ಮ್ಯಾಚ್ ರದ್ದ ಆಗತೈತಿ. ಹೊಡದ ರನ್ ಎಲ್ಲಿ ಹೋಗತಾವ? ಔಟ್ ಆದಾಂವ ಔಟಾದನೇ. ಹದಿನೆಂಟು ವರ್ಷ ಹಂಗs ಬರದೇನಿ ನಾ.”

“ಮತ್ತೆ ಈ ಗೆರೆ?”

“ಆಟ ಅಲ್ಲಿಗೆ ಮುಗೀತಂತ ಖಾಲಿ ಚೌಕಕ್ಕ ಎಳದಿರತಾನ. ಬರಕೊ ಸುಮ್ಮ.”

ಬರೆದುಕೊಂಡೆ. ಆ ಹೊತ್ತಿಗೆ ಅರವತ್ತೊಂದು ಪಂದ್ಯಗಳ ಸ್ಕೋರ್ ಬರೆದಿದ್ದೆ. ಅವುಗಳಲ್ಲಿ ಒಂದೂ ಮಳೆಗೆ ನಡುವೆ ನಿಂತಿರಲಿಲ್ಲ. ಬರದ ವರ್ಷಗಳವು. ಹುಲ್ಲಿಗೆ ಪೈಪಿನಿಂದ ನೀರು ಬಿಡುವಂತಿರಲಿಲ್ಲ. ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಮ್ಮ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಮಳೆಯ ನಿಯಮ ತಿಳಿಯಲು ನನಗೆ ಮಳೆಯೇ ಸಿಕ್ಕಿರಲಿಲ್ಲ.

ಮುನ್ನೂರ ಅರವತ್ತು ಹಿಟ್. ಸಾವಿರದ ಇನ್ನೂರ ಮೂರು ಸರದಿ. ಇನ್ನೂರ ತೊಂಬತ್ತೊಂಬತ್ತು.

ಮೂರು ಸಲ ಎಣಿಸಿದೆ, ಅಪ್ಪ ಒಂದು ಸಲ ಎಣಿಸಿದರು. ನಾಲ್ಕೂ ಸಲ ಅಷ್ಟೇ ಬಂತು.

ಹೇಳಲು ಹೋದದ್ದು ಶನಿವಾರ ಬೆಳಗ್ಗೆ, ಪಂದ್ಯಕ್ಕೆ ಮೊದಲು. ಅಂಕಲ್ ಸುಣ್ಣದ ಗಾಡಿ ತಳ್ಳುತ್ತ ಮೈದಾನದ ಗೆರೆ ಹಾಕುತ್ತಿದ್ದರು. ನನ್ನ ಕೈಯಲ್ಲಿನ ಹಾಳೆ ಕಂಡು ನಿಂತರು.

“ಎಷ್ಟು ಹೊಡೆದಿದ್ದೆ?”

“ಮುನ್ನೂರ ಅರವತ್ತು.”

“ಅಷ್ಟಾ!” ಅವರ ಮುಖ ಅರಳಿತು. “ಎಷ್ಟಕ್ಕೆ?”

“ಸಾವಿರದ ಇನ್ನೂರ ಮೂರಕ್ಕೆ.”

ಅವರು ಮನಸ್ಸಿನಲ್ಲೇ ಭಾಗಿಸುವುದು ಕಣ್ಣಿಗೆ ಕಾಣುತ್ತಿತ್ತು. ಮೇಲಿನ ತುಟಿಗೆ ಅಂಟಿದ್ದ ಬೀಜದ ಸಿಪ್ಪೆಯನ್ನು ಬೆರಳಿನಿಂದ ತೆಗೆದರು.

“ಮೂರು,” ಅಂದರು. “ಮೂರೇ ಮೂರು ಸರದಿ ಜಾಸ್ತಿ.”

“ಮೂರು ಸಲ ಎಣಿಸಿದೆ ಅಂಕಲ್. ಅಪ್ಪನೂ ನೋಡಿದರು. ಹಾಳೆ ಬೇಕಾದರೆ ನೀವೂ…”

“ಬೇಡ ಮೇಟ್. ನೀನು ಎಣಿಸಿದ್ದೀಯಲ್ಲ. ನಿನ್ನಂಥ ಸ್ಕೋರರನ್ನು ನಾನು ನೋಡಿಲ್ಲ. ಹಾಗಾದರೆ ಅಷ್ಟೇ.”

ಗಾಡಿ ಮುಂದೆ ತಳ್ಳಿದರು. ಆ ದಿನ ಮೂರನೆಯ ಬೇಸಿನ ಕಡೆಯ ಗೆರೆ ಒಂದು ಕಡೆ ಸೊಟ್ಟಗಿತ್ತು. ಅಂಪೈರ್ ಬಂದು ಅಳಿಸಿ ಮತ್ತೆ ಹಾಕಿಸಿದರು.

ಫಲಕದಲ್ಲಿ ಸಂಖ್ಯೆ ಬರೆಯುವುದೇ ಬೇಡ, ಬರೀ ಹೆಸರು ಸಾಕು ಎಂದು ನಾನು ಕಮಿಟಿಯಲ್ಲಿ ಹೇಳಿದೆ. ಒಪ್ಪದವರು ಅಂಕಲ್. “ಇದ್ದದ್ದನ್ನು ಬರೆಯಿರಿ,” ಅಂದರು. ಪೇಂಟರ್ ಬಿಂದುವಿನ ಮುಂದೆ ಎರಡು, ಒಂಬತ್ತು, ಒಂಬತ್ತು ಬರೆಯುವಾಗ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಮುಂದಿನ ವಾರದಿಂದ ಹುಡುಗರು “ಏನು ತೊಂಬತ್ತೊಂಬತ್ತು, ಇವತ್ತು ಬ್ಯಾಟ್ ಹಿಡೀತೀರಾ?” ಎಂದು ಕೆಣಕಿದರು. ಅವರು ನಕ್ಕರು. ಯಾರೂ ಏನೂ ಕೇಳದಿದ್ದರೂ ಹೊಸಬರಿಗೆ ತಾವೇ ಆ ಸಂಖ್ಯೆ ಹೇಳತೊಡಗಿದರು. “ನಾನು ಮುನ್ನೂರರವನು” ಎಂಬ ವಾಕ್ಯವನ್ನು ಮತ್ತೆ ಕೇಳಲಿಲ್ಲ. ಆ ಸೀಸನ್ನಿನ ಉಳಿದ ಒಂಬತ್ತು ಶನಿವಾರಗಳಲ್ಲಿ ಅವರು ಬಂದದ್ದು ಐದಕ್ಕೆ.

ನಾನು ನೊಂದುಕೊಂಡೆ. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೆ ಹೆಮ್ಮೆಯೂ ಇತ್ತು. ಪ್ರೀತಿಯವರ ಲೆಕ್ಕವನ್ನೂ ಸರಿಯಾಗಿ ಹಾಕಿದೆ ಎಂಬ ಹೆಮ್ಮೆ. ದಿನಚರಿಯಲ್ಲಿ ಹಾಗೆಂದು ಬರೆದಿದ್ದೇನೆ. ಆ ಪುಟ ಹರಿದುಹಾಕಬೇಕೆಂದು ಎಷ್ಟೋ ಸಲ ಅನ್ನಿಸಿದೆ, ಹರಿದಿಲ್ಲ.

2007ರಲ್ಲಿ ಅಂಕಲ್‌ಗೆ ಕಾಯಿಲೆ ಎಂದು ತಿಳಿಯಿತು. ಅವರೂ ಅವರ ಹೆಂಡತಿಯೂ ಮೆಲ್ಬರ್ನ್‌ಗೆ, ಸನ್‌ಶೈನ್ ಸಬರ್ಬ್‌ನಲ್ಲಿದ್ದ ಹೆಂಡತಿಯ ತವರಿನ ಮನೆಗೆ ಹೊರಟರು. ಸಾಮಾನು ಕಟ್ಟುವ ದಿನ ಬಾಳೆಹಣ್ಣಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. “ನಿನ್ನ ಹತ್ತಿರ ಇರಲಿ. ನನಗೆ ಇನ್ನು ಬೇಕಿಲ್ಲ.”

ಮರುವರ್ಷ ಫೆಬ್ರವರಿಯಲ್ಲಿ ನನಗೂ ಮೆಲ್ಬರ್ನ್‌ನಲ್ಲೇ ಕೆಲಸ ಸಿಕ್ಕಿತು. ಪೆಟ್ಟಿಗೆಯೊಂದಿಗೆ ಹೋದೆ. ಸನ್‌ಶೈನ್‌ಗೆ ನನ್ನ ರೂಮಿನಿಂದ ಟ್ರೇನಿನಲ್ಲಿ ನಲವತ್ತು ನಿಮಿಷ. ಫೋನ್ ಮಾಡಿದ್ದು ನಾಲ್ಕು ಸಲ. ಬರುತ್ತೇನೆಂದು ಹೇಳಿದ್ದು ಮೂರು ಸಲ. ಹೋದದ್ದು ಸೊನ್ನೆ. ಹೊಸ ಕೆಲಸ, ಹೊಸ ಊರು ಎಂದೆಲ್ಲ ಕಾರಣ ಬರೆದಿಟ್ಟಿದ್ದೇನೆ. ನಿಜವಾದ ಕಾರಣ, ಆ ಎರಡು ಒಂಬತ್ತುಗಳ ಎದುರು ಕೂರಲು ನನಗೆ ಧೈರ್ಯವಿರಲಿಲ್ಲ. ಜುಲೈನಲ್ಲಿ ಸಿಡ್ನಿಯಿಂದ ಅಪ್ಪನ ಫೋನ್ ಬಂತು. ಕ್ಲಬ್ಬಿನವರು ಹೇಳಿದ್ದರು. ಅಂಕಲ್ ತೀರಿಕೊಂಡು ಎಂಟು ದಿನವಾಗಿತ್ತು.

ಆ ಬೇಸಿಗೆ ನಾನು ಮನೆಯ ಹತ್ತಿರದ ಒಂದು ಮೈದಾನದಲ್ಲಿ ಸ್ಕೋರ್ ಬರೆಯಲು ಸೇರಿಕೊಂಡೆ. ಬೇರೇನು ಮಾಡಬೇಕೆಂದು ತಿಳಿದಿರಲಿಲ್ಲ. ಎದುರು ತಂಡದ ಸ್ಕೋರರ್ ಎಪ್ಪತ್ತು ದಾಟಿದ ಮುದುಕಿ, ಮಡಿಲಲ್ಲಿ ಕಂಬಳಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ನವೆಂಬರ್‌ನ ಒಂದು ಭಾನುವಾರ ನಾಲ್ಕನೆಯ ಇನ್ನಿಂಗ್ಸಿನಲ್ಲಿ ಮಳೆ ಹಿಡಿಯಿತು. ಒಂದು ಗಂಟೆ ಕಾದು ಅಂಪೈರ್ ಕೈ ಬೀಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಮುದುಕಿ ಪೆನ್ಸಿಲ್ ತೆಗೆದು ತನ್ನ ಹಾಳೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದು ಗೆರೆ ಎಳೆದಳು.

“ಅದು ಯಾಕೆ?” ಎಂದು ಕೇಳಿದೆ.

“ಐದು ಇನ್ನಿಂಗ್ಸ್ ಆಗಲಿಲ್ಲವಲ್ಲ. ಪಂದ್ಯವೇ ಇಲ್ಲ. ಇನ್ನೊಂದು ದಿನ ಮೊದಲಿನಿಂದ ಆಡುತ್ತಾರೆ.”

“ಹೊಡೆದ ಹಿಟ್‌ಗಳು? ಔಟ್‌ಗಳು?”

“ಪಂದ್ಯವೇ ಇಲ್ಲದ ಮೇಲೆ ಅವೆಲ್ಲಿಂದ ಬರುತ್ತವೆ ಮಗೂ? ಎಷ್ಟು ವರ್ಷದಿಂದ ಸ್ಕೋರ್ ಬರೆಯುತ್ತಿದ್ದೀಯ ನೀನು?”

“ಐದು,” ಅಂದೆ.

ನೆನೆದುಕೊಂಡೇ ರೂಮಿಗೆ ಬಂದು ಪೆಟ್ಟಿಗೆ ತೆಗೆದೆ. ಭಾಗಿಸಲು ಕ್ಯಾಲ್ಕುಲೇಟರ್ ಬೇಕಿರಲಿಲ್ಲ. ಸಾವಿರದ ಇನ್ನೂರರಲ್ಲಿ ಮುನ್ನೂರ ಅರವತ್ತು. ಮುನ್ನೂರು. ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

“ಸೇರಸು ಅಂತ ಹೇಳಿದಾಂವ ನಾ ಅಲ್ಲೇನವಾ,” ಅಂದರು.

“ಕೇಳಬೇಕಾದವರನ್ನ ನಾನು ಕೇಳಲಿಲ್ಲಪ್ಪ.”

“ಅವರ ಮನಿ ಎರಡು ಓಣಿ ಆಚೆ ಇತ್ತs.” ಅಪ್ಪ ಅಂದರು, “ಮೊದಲ ಅವರ ಹೆಂಡತಿ ಕಡೆ ಹೋಗು. ಬೋರ್ಡ್ ಆಮ್ಯಾಲೆ ನೋಡೂಣು.”

ಫಲಕ ಬದಲಾದದ್ದು ಕ್ರಿಸ್‌ಮಸ್ಸಿಗೆ ಮೊದಲು. ಅಪ್ಪ ಪೇಂಟರಿನ ಪಕ್ಕ ಕೈಕಟ್ಟಿ ನಿಂತು ಬರೆಸಿದರಂತೆ. ಅದಕ್ಕೂ ಮೊದಲು, ಮಳೆಯ ಮುಂದಿನ ಶನಿವಾರವೇ, ನಾನು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನಲವತ್ತು ನಿಮಿಷದ ಆ ಟ್ರೇನ್ ಹತ್ತಿದೆ.

ಆಂಟಿ ಬಾಗಿಲು ತೆಗೆದರು. ಸಿಡ್ನಿಯಲ್ಲಿ ಕಂಡದ್ದಕ್ಕಿಂತ ಕುಗ್ಗಿದಂತೆ ಕಾಣುತ್ತಿದ್ದರು. ಅಡುಗೆಮನೆಯ ಮೇಜಿನ ಬಳಿ ಕೂರಿಸಿ ಚಹಾ ಕೊಟ್ಟರು. ನಾನು ಎಲ್ಲ ಹೇಳಿದೆ: ಮಳೆ, ಗೆರೆ, ಮೂರು ಔಟ್, ಅಪ್ಪನನ್ನು ಕೇಳಿದ್ದು. ಅವರು ಚಹಾದ ಕಪ್ಪನ್ನು ತಿರುಗಿಸುತ್ತ ಕೇಳಿದರು.

“ಹಾಗಾದರೆ ಅವನು ಹೇಳುತ್ತಿದ್ದದ್ದು ನಿಜ.”

“ನಿಜ, ಆಂಟಿ.”

“ಕೊನೆಯ ವಾರ ನರ್ಸ್ ಕೇಳಿದಳು, ಏನು ಕೆಲಸ ಮಾಡುತ್ತಿದ್ದಿರಿ ಅಂತ. ಬಸ್ಸಿನ ಮಾತೇ ಆಡಲಿಲ್ಲ. ‘ಬಾಲ್ ಆಡುತ್ತಿದ್ದೆ. ಇನ್ನೂರ ತೊಂಬತ್ತೊಂಬತ್ತು’ ಅಂದ. ಅವಳು ಅದು ವಾರ್ಡಿನ ನಂಬರ್ ಅಂದುಕೊಂಡಳು.” ಅವರು ನಗಲು ಹೋದರು, ಆಗಲಿಲ್ಲ. “ಇಷ್ಟು ವರ್ಷ ನಾನೂ ರೇಗಿಸಿದ್ದೇನೆ. ಮುನ್ನೂರಂತೆ ಮುನ್ನೂರು, ಸಾಕು ಮಾಡು ಅಂತ.”

ಕ್ಷಮೆ ಕೇಳಲು ರೈಲಿನಲ್ಲಿ ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಅದನ್ನು ಆಡುವ ಮೊದಲೇ ಆಂಟಿ ಎದ್ದು ಡ್ರಾಯರ್‌ನಿಂದ ಪೆನ್ಸಿಲ್ ತಂದರು, ಗೋಡೆಯ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಬದಿ ತಿರುಗಿಸಿದರು.

“ಎಣಿಸು,” ಅಂದರು. “ನನ್ನ ಮುಂದೆ. ಒಂದೂ ಬಿಡಬೇಡ.”

ಮೊದಲ ಸೀಸನ್ನಿನ ಮೊದಲ ಹಾಳೆಯಿಂದ ಶುರು ಮಾಡಿದೆ. ನಾನು ಓದುತ್ತ ಹೋದೆ: ಎಡಕ್ಕೆ ಒಂದು, ನಡುವಿಗೆ ಒಂದು, ಬೇಲಿಯಾಚೆ ಒಂದು. ಅವರು ಗೀಟು ಹಾಕುತ್ತ ಹೋದರು, ಐದಕ್ಕೊಂದು ಕಟ್ಟು. ಕೆಲವು ಕಡೆ ಕೈ ತಡೆದು, “ಆ ದಿನ ನಾನಿದ್ದೆ,” ಅನ್ನುತ್ತಿದ್ದರು. ನೂರ ಮೂವತ್ತೆರಡು ಗೀಟು ಆದ ಮೇಲೆ ಮಳೆಯ ಹಾಳೆ ಬಂತು. ಅದನ್ನು ಎತ್ತಿ ಪಕ್ಕಕ್ಕಿಟ್ಟೆ.

“ಅದೇನಾ?” ಎಂದು ಕೈಗೆ ತೆಗೆದುಕೊಂಡರು. ಅಡ್ಡ ಗೆರೆಯ ಮೇಲೆ ಬೆರಳಾಡಿಸಿದರು. “ಈ ದಿನವೂ ಇದ್ದೆ. ಎಲ್ಲರೂ ಚಾವಣಿಯ ಕೆಳಗೆ ಓಡಿದರು. ಇವನೊಬ್ಬ ಮೈದಾನದ ನಡುವೆ ಟೋಪಿ ತೆಗೆದು ಮಳೆಗೆ ಮುಖ ಒಡ್ಡಿ ಕುಣಿಯುತ್ತಿದ್ದ. ‘ಹೋಯಿತು! ಮೂರೂ ಹೋಯಿತು!’ ಅಂತ ನನಗೆ ಕೂಗಿ ಹೇಳಿದ. ಏನು ಹೋಯಿತು ಅಂತ ನನಗೆ ಆಗ ತಿಳಿದಿರಲಿಲ್ಲ.”

ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಸೀಸನ್ನಿನ ಹಾಳೆಗಳಿದ್ದವು. ನನಗೆ ಅಕ್ಷರ ಕಾಣುತ್ತಿರಲಿಲ್ಲ. ಆಂಟಿ ಚಹಾ ಬಿಸಿ ಮಾಡಿ ತಂದರು, ನಾನು ಕಣ್ಣೊರೆಸಿಕೊಳ್ಳುವವರೆಗೂ ಪೆನ್ಸಿಲ್ ಹಿಡಿದು ಕಾದರು. ಮುನ್ನೂರ ಅರವತ್ತನೆಯ ಗೀಟು ಬಿದ್ದಾಗ ಸಂಜೆ ಐದೂ ಇಪ್ಪತ್ತು. ಕೊನೆಯ ಹಿಟ್ ದೊಡ್ಡದೇನಲ್ಲ, ಎಡಗಡೆಗೆ ನೆಲದ ಮೇಲೆ ಉರುಳಿದ ಚೆಂಡು, ಒಂದು ಬೇಸ್.

ಹೊರಡುವಾಗ ಪೆಟ್ಟಿಗೆ ಅಲ್ಲೇ ಬಿಡಲು ಹೋದೆ. ಬೇಡವೆಂದು ವಾಪಸ್ ಕೊಟ್ಟರು. ಮಳೆಯ ಹಾಳೆಯೊಂದನ್ನು ಮಾತ್ರ ತಮ್ಮ ಬಳಿ ಇಟ್ಟುಕೊಂಡರು.

ಈಗ ಪೆಟ್ಟಿಗೆಯಲ್ಲಿ 317 ಹಾಳೆಗಳಿವೆ.